ಮೈಕ್ರೋಸ್ಕೋಪ್‌ನಲ್ಲಿ ಹಸಿರು, ಪ್ಲೇಟ್‌ನಲ್ಲಿ ಖಾಲಿ: ಈ ಬ್ಯಾಕ್ಟೀರಿಯಾ ಬದುಕಿದೆಯೋ, ಸತ್ತಿದೆಯೋ?

ಹಸಿರೋ ಕೆಂಪೋ

ಎಲ್ಲರಿಗೂ ನಮಸ್ಕಾರ. ಮೈಕ್ರೋಬಯಾಲಜಿ ಎಂಎಸ್‌ಸಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಒಂದು ಗೊಂದಲ ಇದೆ, ಬಿಡಿಸಿ ಹೇಳುವವರು ಇಲ್ಲಿ ಸಿಗಬಹುದು ಅಂತ ಬರೆಯುತ್ತಿದ್ದೇನೆ.

ಇ. ಕೊಲೈ ಬ್ಯಾಕ್ಟೀರಿಯಾವನ್ನು ಯಾವ ಆಹಾರವೂ ಇಲ್ಲದ ಬರೀ ನೀರಿಗೆ ಹಾಕಿ, ತಣ್ಣಗಿರುವ ಕಡೆ ಕೆಲವು ವಾರ ಇಟ್ಟಿದ್ದೆ. ಆಮೇಲೆ ಎರಡು ಪರೀಕ್ಷೆ ಮಾಡಿದೆ. ಮೊದಲನೆಯದು ಲೈವ್-ಡೆಡ್ ಬಣ್ಣ, ಅಂದರೆ ಸೈಟೋ 9 ಮತ್ತು ಪ್ರೊಪಿಡಿಯಂ ಅಯೋಡೈಡ್. ಫ್ಲೂರೊಸೆನ್ಸ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಮುಕ್ಕಾಲು ಪಾಲು ಕೋಶಗಳು ಹಸಿರು. ಅದೇ ಸ್ಯಾಂಪಲ್ಲನ್ನು ಅಗಾರ್ ಪ್ಲೇಟ್ (ಬ್ಯಾಕ್ಟೀರಿಯಾ ಬೆಳೆಸುವ ಆಹಾರದ ಜೆಲ್ಲಿ ತಟ್ಟೆ) ಮೇಲೆ ಹರಡಿದರೆ ಕಾಲೊನಿಗಳು, ಅಂದರೆ ಒಂದೊಂದು ಕೋಶದಿಂದ ಬೆಳೆದ ಗುಂಪುಗಳು, ಬೆರಳೆಣಿಕೆಯಷ್ಟು. ಬಣ್ಣದ ಪ್ರಕಾರ ಬಹುಪಾಲು ಬದುಕಿವೆ, ಪ್ಲೇಟ್ ಪ್ರಕಾರ ಬಹುಪಾಲು ಸತ್ತಿವೆ. ಮತ್ತೆ ಮಾಡಿದೆ, ಫಲಿತಾಂಶ ಅದೇ. ರಿಪೋರ್ಟ್‌ನಲ್ಲಿ ಯಾವುದನ್ನು ಬರೆಯಲಿ?

ಹಳೇ ಲ್ಯಾಬು

ಎರಡನ್ನೂ ಬರೆಯಿರಿ. ಎರಡೂ ನಿಜವೇ ಇರಬಹುದು, ಯಾಕೆಂದರೆ ಅವು ಬೇರೆ ಬೇರೆ ವಿಷಯ ಅಳೆಯುತ್ತವೆ.

ಮೊದಲು ಬಣ್ಣದ ವಿಷಯ. ಸೈಟೋ 9 ಎಲ್ಲ ಕೋಶಗಳ ಒಳಗೂ ಹೋಗುತ್ತದೆ, ಬದುಕಿದ್ದರೂ ಸತ್ತಿದ್ದರೂ. ಪ್ರೊಪಿಡಿಯಂ ಮಾತ್ರ ಗಟ್ಟಿ ಪೊರೆ ದಾಟಲಾರದು. ಪೊರೆ ಹರಿದಿದ್ದರೆ ಒಳಗೆ ನುಗ್ಗಿ ಡಿಎನ್‌ಎಗೆ ಅಂಟಿಕೊಂಡು ಹಸಿರನ್ನು ಕೆಳಗೆ ತಳ್ಳುತ್ತದೆ, ಕೋಶ ಕೆಂಪಾಗಿ ಕಾಣುತ್ತದೆ. ಹಾಗಾಗಿ ಹಸಿರು ಅಂದರೆ 'ಪೊರೆ ಹರಿದಿಲ್ಲ' ಅಂತ ಅಷ್ಟೇ ಅರ್ಥ. ಮನೆಯ ಗೋಡೆ ಬಿದ್ದಿಲ್ಲ ಅಂದ ಮಾತ್ರಕ್ಕೆ ಒಳಗೆ ಜನ ಇದ್ದಾರೆ ಅಂತ ಹೇಳೋಕಾಗಲ್ಲ ಅಲ್ವಾ?

ಒಂದು ಸುಲಭ ಪ್ರಯೋಗ ಮಾಡಿ ನೋಡಿ. ಚೆನ್ನಾಗಿ ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಯುವಿ ಬೆಳಕಿಗೆ ಒಡ್ಡಿ. ಯುವಿ ಹೊಡೆಯುವುದು ಡಿಎನ್‌ಎಗೆ, ಪೊರೆಗಲ್ಲ. ತಕ್ಷಣ ಬಣ್ಣ ಹಾಕಿದರೆ ಹಸಿರೇ ಕಾಣುತ್ತದೆ. ಪ್ಲೇಟ್ ಮೇಲೆ ಮಾತ್ರ ಏನೂ ಬರುವುದಿಲ್ಲ.

ಇನ್ನು ಪ್ಲೇಟ್. ಅದು ಅಳೆಯುವುದು 'ಈ ಆಹಾರದಲ್ಲಿ, ಈ ಬಿಸಿಯಲ್ಲಿ, ಇಷ್ಟು ಹೊತ್ತಿನಲ್ಲಿ, ಒಂದು ಕೋಶ ಕಣ್ಣಿಗೆ ಕಾಣುವ ಕಾಲೊನಿ ಆಗುತ್ತದಾ' ಅಂತ. ಅದೂ ಜೀವ ಇದೆಯಾ ಇಲ್ಲವಾ ಅನ್ನುವ ನೇರ ಪ್ರಶ್ನೆ ಅಲ್ಲ.

ಪ್ಲೇಟೇ ಪ್ರಮಾಣ

ಕ್ಷಮಿಸಿ, ಇದನ್ನು ನಾನು ಒಪ್ಪಲ್ಲ. ಬ್ಯಾಕ್ಟೀರಿಯಾ ವಿಷಯದಲ್ಲಿ ಬದುಕಿದೆ ಅನ್ನುವುದಕ್ಕೆ ಅದು ಒಂದರಿಂದ ಎರಡಾಗುವುದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಅಗಾರ್ ಮೇಲೆ ಕಾಲೊನಿ ಬಂತು ಅಂದರೆ ವಾದ ಮುಗಿಯಿತು. ಬರಲಿಲ್ಲ ಅಂದರೆ ಆ ಕೋಶದಿಂದ ರೋಗವೂ ಬರಲ್ಲ, ಹಾಲೂ ಕೆಡಲ್ಲ. ಕಣ್ಣಿಗೆ ಹಸಿರು ಹೊಳೆಯಿತು ಅಂತ ಅದನ್ನು ಜೀವ ಅಂತ ಕರೆಯುವುದು ಸುಮ್ನೆ ಸಮಾಧಾನ ಅಷ್ಟೇ.

ಹಳೇ ಲ್ಯಾಬು

ಕಾಲೊನಿ ಬಂದರೆ ಬದುಕಿದೆ, ಇದರಲ್ಲಿ ತಕರಾರಿಲ್ಲ. ಬರದಿದ್ದರೆ ಸತ್ತಿದೆ ಅನ್ನುವ ಇನ್ನೊಂದು ಅರ್ಧ ಮಾತ್ರ ನಿಲ್ಲಲ್ಲ.

ಸಮುದ್ರದ ನೀರಿನಲ್ಲಿರುವ ಎಸ್‌ಎಆರ್ 11 ಗುಂಪನ್ನೇ ತಗೊಳ್ಳಿ. ಸಮುದ್ರದಲ್ಲಿ ಅತಿ ಹೆಚ್ಚು ಇರುವ ಬ್ಯಾಕ್ಟೀರಿಯಾಗಳಲ್ಲಿ ಇದೂ ಒಂದು. 1990ರಲ್ಲಿ ಅದರ ಜೀನ್ ಮಾತ್ರ ಸಿಕ್ಕಿತು. ಬೆಳೆಸಿ ತೋರಿಸಿದ್ದು 2002ರಲ್ಲಿ. ಅದೂ ಅಗಾರ್ ಮೇಲೆ ಅಲ್ಲ. ಸಮುದ್ರದ ನೀರಿನಲ್ಲೇ ತೆಳುವಾಗಿ ಹಂಚಿ, ನಿಧಾನಕ್ಕೆ. ಹನ್ನೆರಡು ವರ್ಷ ಪ್ಲೇಟ್ 'ಇಲ್ಲ' ಅಂತಲೇ ಹೇಳುತ್ತಿತ್ತು. ಅವು ಆರಾಮಾಗಿ ಬದುಕಿದ್ದವು.

ಮೈಕ್ರೋಸ್ಕೋಪ್ ಎಣಿಕೆಗೂ ಪ್ಲೇಟ್ ಎಣಿಕೆಗೂ ಇರುವ ಈ ದೊಡ್ಡ ಅಂತರ ಹಳೆಯದು. 1985ರಲ್ಲಿ ಸ್ಟೇಲಿ ಮತ್ತು ಕೊನೊಪ್ಕಾ ಅದಕ್ಕೊಂದು ಹೆಸರನ್ನೇ ಕೊಟ್ಟರು. ಕೆರೆ, ಸಮುದ್ರ, ಮಣ್ಣು ಎಲ್ಲಿಂದ ತಂದರೂ ಸಾಮಾನ್ಯವಾಗಿ ನೂರಕ್ಕೆ ಒಂದೋ, ಅದಕ್ಕಿಂತ ಕಡಿಮೆಯೋ ಕೋಶಗಳು ಮಾಮೂಲಿ ಪ್ಲೇಟ್ ಮೇಲೆ ಬರುತ್ತಿದ್ದವು.

ಪ್ಲೇಟೇ ಪ್ರಮಾಣ

ಅದು ನಾವು ಎಂದೂ ಸಾಕಿ ನೋಡದ ಬ್ಯಾಕ್ಟೀರಿಯಾ. ಪ್ರಶ್ನೆ ಕೇಳಿರುವುದು ಇ. ಕೊಲೈ ಬಗ್ಗೆ. ಅದು ಎಲ್ಲಿ ಹಾಕಿದರೂ ಬೆಳೆಯುವ ಜಾತಿ. ಅದಕ್ಕೂ ಇದೇ ನೆಪ ಹೇಳಬೇಡಿ.

ಹಳೇ ಲ್ಯಾಬು

ಅದೇ ಇ. ಕೊಲೈ ಮೇಲೇ ಈ ಕೆಲಸ ಆಗಿದೆ. 1982ರಲ್ಲಿ ರೀಟಾ ಕೋಲ್ವೆಲ್ ಅವರ ತಂಡ ಇ. ಕೊಲೈ ಮತ್ತು ಕಾಲರಾದ ವಿಬ್ರಿಯೋ ಎರಡನ್ನೂ ಉಪ್ಪುನೀರಿನಲ್ಲಿ ಇಟ್ಟು ನೋಡಿತು. ಪ್ಲೇಟ್ ಎಣಿಕೆ ಇಳಿಯುತ್ತಾ ಹೋಯಿತು. ಮೈಕ್ರೋಸ್ಕೋಪ್‌ನಲ್ಲಿ ಕೋಶಗಳು ಹಾಗೇ ಇದ್ದವು, ಆಹಾರ ಕೊಟ್ಟರೆ ಸ್ಪಂದಿಸುತ್ತಲೂ ಇದ್ದವು. 'ಬದುಕಿದೆ, ಆದರೆ ಕಲ್ಚರ್‌ನಲ್ಲಿ ಬೆಳೆಯಲ್ಲ' ಅನ್ನುವ ಸ್ಥಿತಿ ಆಗಿನಿಂದ ಚರ್ಚೆಗೆ ಬಂತು. ಇಂಗ್ಲಿಷ್ ಅಕ್ಷರಗಳಲ್ಲಿ ವಿಬಿಎನ್‌ಸಿ ಅಂತಾರೆ.

'ಅದರಿಂದ ರೋಗ ಬರಲ್ಲ' ಅಂದಿರಲ್ಲ, ಅದಕ್ಕೂ ಉತ್ತರ ಇದೆ. 1996ರಲ್ಲಿ ಅದೇ ಗುಂಪು ಇನ್ನೊಂದು ಕೆಲಸ ಪ್ರಕಟಿಸಿತು. ಪ್ಲೇಟ್ ಮೇಲೆ ಬೆಳೆಯದ ಸ್ಥಿತಿಯಲ್ಲಿದ್ದ ವಿಬ್ರಿಯೋವನ್ನು ಸ್ವಯಂಸೇವಕರು ಕುಡಿದರು. ಅವರ ಕರುಳಿನಿಂದ ಹೊರಬಂದದ್ದು ಬೆಳೆಯುವ ವಿಬ್ರಿಯೋ.

ಪ್ಲೇಟೇ ಪ್ರಮಾಣ

ಆ ಕೆಲಸ ಗೊತ್ತು. ಅದರ ಮೇಲಿನ ಆಕ್ಷೇಪವೂ ಗೊತ್ತಿರಬೇಕಲ್ಲ? ಲಕ್ಷಗಟ್ಟಲೆ ಕೋಶಗಳ ನಡುವೆ ನಾಲ್ಕೈದು ಮಾತ್ರ ಗಟ್ಟಿಮುಟ್ಟಾಗಿ ಉಳಿದಿದ್ದರೂ, ಆಹಾರ ಸಿಕ್ಕ ತಕ್ಷಣ ಅವೇ ರಾತ್ರೋರಾತ್ರಿ ಕೋಟಿ ಆಗುತ್ತವೆ. ನೋಡುವವರಿಗೆ 'ಮಲಗಿದ್ದವು ಎದ್ದವು' ಅನ್ನಿಸುತ್ತದೆ. ಎದ್ದಿದ್ದು ಯಾರೂ ಇಲ್ಲ, ಉಳಿದಿದ್ದವು ಮರಿ ಹಾಕಿದವು ಅಷ್ಟೇ. ಈ ಎರಡನ್ನೂ ಬೇರೆ ಮಾಡಿ ತೋರಿಸದೆ 'ಎಚ್ಚರವಾಯಿತು' ಅಂತ ಬರೆದ ಪೇಪರ್‌ಗಳು ಬೇಕಾದಷ್ಟಿವೆ.

ಹಳೇ ಲ್ಯಾಬು

ಈ ಮಾತು ನೂರಕ್ಕೆ ನೂರು ಸರಿ. ಹಾಗಾಗಿ ಹಸಿರೋ ಕೆಂಪೋ ಅವರು ಇದನ್ನು ಪರೀಕ್ಷೆ ಮಾಡಲೇಬೇಕು. ದಾರಿ ಕಷ್ಟವಿಲ್ಲ. ಸ್ಯಾಂಪಲ್ಲನ್ನು ತೆಳು ಮಾಡುತ್ತಾ ಹೋಗಿ. ಒಂದು ಟ್ಯೂಬಿಗೆ ಬೆಳೆಯಬಲ್ಲ ಕೋಶ ಒಂದೂ ಬೀಳುವ ಸಾಧ್ಯತೆ ಇಲ್ಲ, ಹಸಿರು ಕೋಶ ಮಾತ್ರ ನೂರಾರು ಬೀಳುತ್ತವೆ ಅನ್ನುವ ಮಟ್ಟಕ್ಕೆ ಬನ್ನಿ. ಅಂಥ ಟ್ಯೂಬುಗಳನ್ನು ಸಾಲಾಗಿ ಇಡಿ. ಬಹಳಷ್ಟು ಟ್ಯೂಬುಗಳಲ್ಲಿ ಬೆಳವಣಿಗೆ ಬಂದರೆ ಹಸಿರು ಕೋಶಗಳೇ ಎದ್ದಿವೆ ಅಂತ ಅರ್ಥ. ಒಂದರಲ್ಲೂ ಬರದಿದ್ದರೆ ಪ್ಲೇಟೇ ಪ್ರಮಾಣ ಅವರು ಗೆದ್ದ ಹಾಗೆ.

ಪ್ಲೇಟೇ ಪ್ರಮಾಣ

ಒಪ್ಪಿದೆ. ಇನ್ನೊಂದು ಮಾತು. ಪ್ಲೇಟ್ ಖಾಲಿ ಬಂದರೆ ಮೊದಲು ಬೈಯಬೇಕಾದ್ದು ಪ್ಲೇಟನ್ನೇ. ಇದನ್ನು ಪ್ಲೇಟ್ ನಂಬುವವನಾಗಿಯೇ ಹೇಳುತ್ತಿದ್ದೇನೆ. ತುಂಬಾ ದಿನ ತಣ್ಣಗೆ ಉಪವಾಸ ಇದ್ದ ಕೋಶಗಳಿಗೆ ಹೈಡ್ರೋಜನ್ ಪೆರಾಕ್ಸೈಡ್ ತಡೆಯುವ ಶಕ್ತಿ ಕುಗ್ಗಿರಬಹುದು. ಸಮೃದ್ಧ ಆಹಾರದ ಅಗಾರ್‌ನಲ್ಲಿ ಒಂದಿಷ್ಟು ಪೆರಾಕ್ಸೈಡ್ ಇದ್ದೇ ಇರುತ್ತದೆ. ಫಾಸ್ಫೇಟ್ ಮತ್ತು ಅಗಾರ್ ಎರಡನ್ನೂ ಒಟ್ಟಿಗೆ ಆಟೋಕ್ಲೇವ್ ಮಾಡಿದರೆ (ಒತ್ತಡದ ಹಬೆಯಲ್ಲಿ ಕಾಯಿಸಿದರೆ) ಪೆರಾಕ್ಸೈಡ್ ಜಾಸ್ತಿ ಹುಟ್ಟುತ್ತದೆ, ಬೇರೆ ಬೇರೆ ಆಟೋಕ್ಲೇವ್ ಮಾಡಿ ಆಮೇಲೆ ಬೆರೆಸಿದರೆ ಕಾಲೊನಿಗಳು ಹೆಚ್ಚುತ್ತವೆ ಅಂತ 2014ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಅಷ್ಟು ಸಣ್ಣ ವಿಷಯ! ಅದಕ್ಕೇ ಅಗಾರ್‌ಗೆ ಸ್ವಲ್ಪ ಸೋಡಿಯಂ ಪೈರುವೇಟ್ ಹಾಕಿ, ಅದು ಪೆರಾಕ್ಸೈಡನ್ನು ತಿಂದುಹಾಕುತ್ತದೆ. ನ್ಯೂಟ್ರಿಯೆಂಟ್ ಅಗಾರ್ ಬಿಟ್ಟು ಆರ್2ಎ ಕೂಡ ಹಾಕಿ ನೋಡಿ. ಕುಡಿಯುವ ನೀರಿನ ಬ್ಯಾಕ್ಟೀರಿಯಾಗಳಿಗೆ ಅಂತಲೇ ಮಾಡಿದ, ಕಡಿಮೆ ಆಹಾರದ ಅಗಾರ್ ಅದು. ಎರಡು ದಿನಕ್ಕೇ ಎಸೆಯಬೇಡಿ, ವಾರ ಕಾಯಿರಿ.

ಹೊಸಬ

ಸೈನ್ಸ್ ಓದಿದವನಲ್ಲ, ಕುತೂಹಲಕ್ಕೆ ಕೇಳುತ್ತಿದ್ದೇನೆ. ಬಣ್ಣ, ಪ್ಲೇಟ್ ಎಲ್ಲ ಯಾಕೆ? ಮೈಕ್ರೋಸ್ಕೋಪ್‌ನಲ್ಲಿ ಓಡಾಡುತ್ತಿದ್ದರೆ ಜೀವ ಇದೆ, ಇಲ್ಲದಿದ್ದರೆ ಇಲ್ಲ. ಇಷ್ಟು ಸಾಲದಾ?

ಅಲೆಯುವ ಕಣ

ಒಳ್ಳೆ ಪ್ರಶ್ನೆ. ಎಲ್ಲ ಶುರುವಾಗಿದ್ದೂ ಅಲ್ಲಿಂದಲೇ. 1670ರ ದಶಕದಲ್ಲಿ ಲೇವೆನ್‌ಹುಕ್ ತಾನೇ ಮಾಡಿದ ಮಸೂರದಲ್ಲಿ ನೀರಿನ ಹನಿ ನೋಡಿದಾಗ, ಅವನು ಕಂಡದ್ದನ್ನು ಪ್ರಾಣಿಗಳು ಅಂತ ಕರೆಯಲು ಅವು ಓಡಾಡುತ್ತಿದ್ದದ್ದೇ ಮುಖ್ಯ ಕಾರಣ. ಬಣ್ಣವೂ ಇರಲಿಲ್ಲ, ಅಗಾರೂ ಇರಲಿಲ್ಲ.

ಆದರೆ 1827ರಲ್ಲಿ ರಾಬರ್ಟ್ ಬ್ರೌನ್ ಇದಕ್ಕೊಂದು ತೊಡಕು ತಂದಿಟ್ಟ. ಪರಾಗದ ಒಳಗಿನ ಸಣ್ಣ ಕಣಗಳು ನೀರಿನಲ್ಲಿ ಒಂದೇ ಸಮನೆ ಅಲುಗಾಡುತ್ತಿದ್ದವು. ಇದು ಜೀವದ ಚಲನೆ ಇರಬಹುದಾ ಅಂತ ಅನುಮಾನ ಬಂತು. ಅವನು ಅಲ್ಲಿಗೇ ಬಿಡಲಿಲ್ಲ. ಗಾಜಿನ ಪುಡಿ, ಕಲ್ಲಿನ ಪುಡಿ ಹಾಕಿ ನೋಡಿದ. ಅವೂ ಹಾಗೇ ಕುಣಿದವು. ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುವುದರಿಂದ ಹೀಗಾಗುತ್ತದೆ ಅಂತ 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಹಾಕಿ ತೋರಿಸಿದರು. ಬ್ಯಾಕ್ಟೀರಿಯಾ ಸರಿಯಾಗಿ ಆ ಗಾತ್ರದಲ್ಲೇ ಬರುತ್ತದೆ. ಸತ್ತ ಬ್ಯಾಕ್ಟೀರಿಯಾವೂ ನೀರಿನಲ್ಲಿ ನಡುಗುತ್ತಲೇ ಇರುತ್ತದೆ.

ಅನುಭವ ಇದ್ದವರು ನಡುಗುವುದಕ್ಕೂ ಈಜುವುದಕ್ಕೂ ಇರುವ ವ್ಯತ್ಯಾಸ ಗುರುತಿಸುತ್ತಾರೆ. ನಡುಗುವ ಕಣ ಇದ್ದಲ್ಲೇ ಸುತ್ತಮುತ್ತ ಅಲೆಯುತ್ತದೆ. ಈಜುವ ಕೋಶ ನೇರ ಹೋಗುತ್ತದೆ, ಥಟ್ಟನೆ ತಿರುಗುತ್ತದೆ, ಮತ್ತೆ ನೇರ ಹೋಗುತ್ತದೆ. ಎಲ್ಲವೂ ಒಂದೇ ಕಡೆ ಸಾಗುತ್ತಿದ್ದರೆ ಅದು ಸ್ಲೈಡಿನಲ್ಲಿ ನೀರು ಹರಿಯುತ್ತಿರುವುದು, ಖುಷಿ ಪಡಬೇಡಿ. ಪಕ್ಕದಲ್ಲಿ ಫಾರ್ಮಾಲಿನ್ ಹಾಕಿ ಕೊಂದ ಸ್ಯಾಂಪಲ್ ಒಂದು ಇಟ್ಟುಕೊಂಡರೆ ಹೋಲಿಸಿ ನೋಡಬಹುದು.

ಇನ್ನೊಂದು ಕಡೆಯ ತೊಂದರೆಯೂ ಇದೆ. ಎಷ್ಟೋ ಬ್ಯಾಕ್ಟೀರಿಯಾಗಳು ಈಜುವುದೇ ಇಲ್ಲ. ಕ್ಲೆಬ್ಸಿಯೆಲ್ಲಾ, ಶಿಗೆಲ್ಲಾ, ಕ್ಷಯದ ಬ್ಯಾಕ್ಟೀರಿಯಾ ಎಲ್ಲ ಕೂತಲ್ಲೇ ಇರುತ್ತವೆ.

ಹೊಸಬ

ಹಾಗಾದರೆ ಚಲನೆಯನ್ನು ಪೂರ್ತಿ ಕೈಬಿಟ್ಟಿದ್ದಾರಾ?

ಅಲೆಯುವ ಕಣ

ಇಲ್ಲ, ಈಗ ಅದು ಬೇರೆ ವೇಷದಲ್ಲಿ ವಾಪಸ್ ಬಂದಿದೆ. ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದ ಬರೆಯುತ್ತೇನೆ.

ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಒಂದು ಗುಂಪು ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್‌ನ ತೆಳ್ಳಗಿನ ಕಡ್ಡಿ ಮೇಲೆ ಬ್ಯಾಕ್ಟೀರಿಯಾಗಳನ್ನು ಅಂಟಿಸಿತು. ಒಳಗೆ ಜೀವಕ್ರಿಯೆ ನಡೆಯುತ್ತಿದ್ದರೆ ಆ ಕಡ್ಡಿ ನ್ಯಾನೋಮೀಟರ್ ಲೆಕ್ಕದಲ್ಲಿ ಅಲುಗಾಡುತ್ತದೆ. ಆಂಟಿಬಯಾಟಿಕ್ ಹಾಕಿ, ಅದು ಕೆಲಸ ಮಾಡಿದರೆ ಅಲುಗಾಟ ಇಳಿಯುತ್ತದೆ. ಔಷಧಕ್ಕೆ ಬಗ್ಗದ ತಳಿಯಾದರೆ ಅಲುಗಾಟ ಹಾಗೇ ಇರುತ್ತದೆ. ಮಾಮೂಲಿ ಕಲ್ಚರ್ ವಿಧಾನದಲ್ಲಿ ಇದನ್ನು ತಿಳಿಯಲು ಹೆಚ್ಚುಕಮ್ಮಿ ಒಂದು ದಿನ ಬೇಕು. ಇಲ್ಲಿ ನಿಮಿಷಗಳ ಮಾತು. 2013ರಲ್ಲಿ ಇದು ಪ್ರಕಟವಾಯಿತು.

2022ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ಸಂಶೋಧಕರು ಕಡ್ಡಿ ಬದಲು ಗ್ರಾಫೀನ್ (ಇಂಗಾಲದ ಅತಿ ತೆಳು ಪದರ) ಹಾಳೆ ಬಳಸಿದರು. ಸಣ್ಣ ಗುಂಡಿಯ ಮೇಲೆ ಆ ತೆಳು ಹಾಳೆ ಬಿಗಿದು, ಅದರ ಮೇಲೆ ಒಂದೇ ಒಂದು ಇ. ಕೊಲೈ ಕೋಶ ಕೂರಿಸಿ, ಅದರ ಮಿಡಿತವನ್ನು ಲೇಸರ್‌ನಿಂದ ಅಳೆದರು. ಆ ಕಂಪನವನ್ನು ಸದ್ದಾಗಿ ಬದಲಾಯಿಸಿ ಕೇಳಲೂಬಹುದು. ಒಂದು ಬ್ಯಾಕ್ಟೀರಿಯಾದ ಸದ್ದು! ಈಜುವ ಬಾಲ ಕೆಲಸ ಮಾಡದ ತಳಿಗಳಲ್ಲಿ ಆ ಸದ್ದು ಕಡಿಮೆ ಇತ್ತು. ಅಂದರೆ ಕೇಳಿದ್ದರಲ್ಲಿ ದೊಡ್ಡ ಪಾಲು ಬಾಲದ್ದೇ.

ನನ್ನ ಅಭಿಪ್ರಾಯ ಕೇಳಿದರೆ, ಇಲ್ಲಿ ಅಳೆಯುವುದು ಜೀವದ ಕೆಲಸವನ್ನೇ, ಅದರ ಗೋಡೆಯನ್ನೋ ಎಂಜಲನ್ನೋ ಅಲ್ಲ. ಆದರೆ ಎಲ್ಲ ಲ್ಯಾಬಿಗೂ ಸಿಗುವಂಥದ್ದಲ್ಲ.

ಸ್ವಾಬ್ ಸರದಾರ

ನಾನು ಆಹಾರ ತಯಾರಿಸುವ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ನಮಗೆ ಒಂದು ದಿನ ಕಾಯುವ ವ್ಯವಧಾನವೂ ಇಲ್ಲ, ಗ್ರಾಫೀನೂ ಇಲ್ಲ. ನಾವು ಎಟಿಪಿ ಸ್ವಾಬ್ ಬಳಸುತ್ತೇವೆ. ಎಟಿಪಿ ಅಂದರೆ ಕೋಶಗಳು ಶಕ್ತಿಗೆ ಬಳಸುವ ಅಣು, ಸ್ವಾಬ್ ಅಂದರೆ ಒರೆಸುವ ಕಡ್ಡಿ. ಯಂತ್ರ ತೊಳೆದ ಮೇಲೆ ಒಂದು ಜಾಗ ಸ್ವಾಬ್ ಮಾಡಿ, ಮೀಟರ್‌ಗೆ ತೂರಿಸಿದರೆ ಅರ್ಧ ನಿಮಿಷದೊಳಗೆ ಅಂಕಿ ಬರುತ್ತದೆ. ಒಳಗೆ ಇರುವುದು ಮಿಣುಕುಹುಳದ ಲೂಸಿಫೆರೇಸ್ ಎಂಜೈಮು. ಎಟಿಪಿ ಸಿಕ್ಕರೆ ಬೆಳಕು ಕೊಡುತ್ತದೆ. ಆ ಬೆಳಕಿಗೆ ಎಟಿಪಿ ಬೇಕೇ ಬೇಕು ಅಂತ ಮೆಕೆಲ್ರಾಯ್ ತೋರಿಸಿದ್ದು 1947ರಲ್ಲಿ. ಜೀವ ಇರುವ ಕೋಶದಲ್ಲಿ ಎಟಿಪಿ ಇದ್ದೇ ಇರುತ್ತದೆ, ಸತ್ತರೆ ಬೇಗ ಕರಗುತ್ತದೆ. ಇದಕ್ಕಿಂತ ನೇರ ಪರೀಕ್ಷೆ ಬೇಕಾ?

ಪ್ಲೇಟೇ ಪ್ರಮಾಣ

ಆ ಎಟಿಪಿ ಬ್ಯಾಕ್ಟೀರಿಯಾದ್ದೋ, ಯಂತ್ರಕ್ಕೆ ಅಂಟಿದ ಟೊಮೇಟೊದ್ದೋ?

ಸ್ವಾಬ್ ಸರದಾರ

ಹ್ಹಹ್ಹ, ಅದು ನಿಜ. ಯಾರದ್ದು ಅಂತ ಮೀಟರ್ ಹೇಳಲ್ಲ. ನಮಗೆ ಎರಡೂ ಬೇಡ, ಹಾಗಾಗಿ ಸಮಸ್ಯೆ ಇಲ್ಲ. ಆಹಾರದ ಚೂರು ಉಳಿದಿದ್ದರೂ ಮತ್ತೆ ತೊಳೀಬೇಕು, ಬ್ಯಾಕ್ಟೀರಿಯಾ ಉಳಿದಿದ್ದರೂ ಮತ್ತೆ ತೊಳೀಬೇಕು. ಆದರೆ 'ಎಟಿಪಿ ಕಡಿಮೆ ಬಂತು, ಆದ್ದರಿಂದ ರೋಗಾಣು ಇಲ್ಲ' ಅಂತ ಯಾರಾದರೂ ಸಹಿ ಹಾಕಿದರೆ ನಾನೂ ಜಗಳ ಆಡುತ್ತೇನೆ. ಬೀಜಕಗಳಲ್ಲಿ (ಕೆಲವು ಬ್ಯಾಕ್ಟೀರಿಯಾ ಕಷ್ಟಕಾಲಕ್ಕೆ ತಾಳುವ, ಮಲಗಿದ ಗಟ್ಟಿ ರೂಪ) ಎಟಿಪಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬ್ಯಾಸಿಲಸ್ ಬೀಜಕಗಳು ಕೂತಿದ್ದರೂ ಮೀಟರ್ ಸುಮ್ಮನಿರುತ್ತದೆ.

ಕಫದ ಸ್ಲೈಡು

ಸ್ವಾಬ್ ಸರದಾರರ ಮಾತಿಗೆ ನನ್ನ ಕಡೆಯ ಉದಾಹರಣೆ ಸೇರಿಸುತ್ತೇನೆ. ನಾನು ಆಸ್ಪತ್ರೆ ಲ್ಯಾಬಿನಲ್ಲಿ ಟೆಕ್ನಿಷಿಯನ್. ಕ್ಷಯದ ವಿಷಯದಲ್ಲಿ ಬದುಕಿದೆಯೋ ಸತ್ತಿದೆಯೋ ಅನ್ನುವುದು ದಿನದ ಪ್ರಶ್ನೆ.

ಕಫದ ಸ್ಲೈಡಿನಲ್ಲಿ ಕೆಂಪು ಕಡ್ಡಿಗಳು ಕಾಣುತ್ತವೆ. ಬದುಕಿದ್ದೂ ಅದೇ ಬಣ್ಣ, ಸತ್ತಿದ್ದೂ ಅದೇ ಬಣ್ಣ. ಜೀನ್ ನೋಡುವ ಪರೀಕ್ಷೆ ಎರಡು ಗಂಟೆಯಲ್ಲಿ ಕ್ಷಯ ಇದೆ ಅಂತ ಹೇಳುತ್ತದೆ, ರಿಫಾಂಪಿಸಿನ್ ಔಷಧಕ್ಕೆ ಬಗ್ಗುತ್ತದಾ ಅಂತಲೂ ಹೇಳುತ್ತದೆ. ಆದರೆ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯೂ ಡಿಎನ್‌ಎಯೇ. ಚಿಕಿತ್ಸೆ ಚೆನ್ನಾಗಿ ನಡೆದು ರೋಗಿ ಗುಣವಾಗುತ್ತಿದ್ದರೂ ಅದು ಪಾಸಿಟಿವ್ ಅಂತಲೇ ತೋರಿಸಬಹುದು. ಅದಕ್ಕೇ ಔಷಧ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಆ ಪರೀಕ್ಷೆ ಬಳಸಬೇಡಿ ಅನ್ನುವುದು ನಿಯಮ. ಅದಕ್ಕೆ ಸ್ಲೈಡು, ಕಲ್ಚರು. ಕಲ್ಚರ್ ಅಂದರೆ ವಾರಗಟ್ಟಲೆ. ಇ. ಕೊಲೈ ಅನುಕೂಲ ಇದ್ದರೆ 20 ನಿಮಿಷಕ್ಕೆ ಎರಡಾಗುತ್ತದೆ. ಕ್ಷಯದ ಬ್ಯಾಕ್ಟೀರಿಯಾಗೆ 15ರಿಂದ 20 ಗಂಟೆ ಬೇಕು.

ಒಂದು ಉಪಾಯ ಇದೆ. ಪಿಎಂಎ ಅನ್ನುವ ಬಣ್ಣ, ಪ್ರೊಪಿಡಿಯಂನ ತಮ್ಮ ಅನ್ನಬಹುದು. ಪೊರೆ ಹರಿದ ಕೋಶಕ್ಕೆ ನುಗ್ಗಿ, ಬೆಳಕು ಬಿದ್ದಾಗ ಡಿಎನ್‌ಎಗೆ ಬಿಡಿಸಲಾಗದ ಹಾಗೆ ಅಂಟಿಕೊಳ್ಳುತ್ತದೆ. ಆಮೇಲೆ ಪಿಸಿಆರ್ ಮಾಡಿದರೆ ಆ ಡಿಎನ್‌ಎ ಎಣಿಕೆಗೆ ಬರಲ್ಲ. ಆದರೆ ಹಳೇ ಲ್ಯಾಬು ಅವರು ಮೊದಲೇ ಹೇಳಿದ್ದೇ ಇಲ್ಲೂ ಬಂತು ನೋಡಿ. ಇದೂ ಕೇಳುವುದು ಪೊರೆಯನ್ನೇ. ಬೇರೆಯವರು ಮೆಸೆಂಜರ್ ಆರ್‌ಎನ್‌ಎ (ಜೀನ್ ಕೆಲಸ ಮಾಡುವಾಗ ತಯಾರಾಗುವ ಅದರ ನಕಲು) ಹಿಂದೆ ಹೋಗುತ್ತಾರೆ. ಬ್ಯಾಕ್ಟೀರಿಯಾಗಳಲ್ಲಿ ಅದು ಸಾಮಾನ್ಯವಾಗಿ ಕೆಲವೇ ನಿಮಿಷ ಬಾಳುತ್ತದೆ. ಹಾಗಾಗಿ ಸಿಕ್ಕರೆ ಸ್ವಲ್ಪ ಹೊತ್ತಿನ ಹಿಂದಿನವರೆಗೂ ಕೆಲಸ ನಡೆದಿತ್ತು ಅಂತ ಅರ್ಥ. ಸ್ಯಾಂಪಲ್ ಲ್ಯಾಬಿಗೆ ಬರುವಷ್ಟರಲ್ಲಿ ಅದೂ ಹಾಳಾಗಿರುತ್ತದೆ ಅನ್ನುವುದು ನಮ್ಮ ಗೋಳು.

ಮಂಗಳದ ಮಣ್ಣು

ಇಲ್ಲಿಯವರೆಗೆ ಯಾರೂ ಮಂಗಳ ಗ್ರಹದ ಮಾತೇ ಎತ್ತಿಲ್ಲ, ಆಶ್ಚರ್ಯ. ಮೇಲಿನ ಜಗಳ ಪೂರ್ತಿ ಅಲ್ಲಿ 1976ರಲ್ಲೇ ನಡೆದಿದೆ.

ನಾಸಾದ ವೈಕಿಂಗ್ 1 ನೌಕೆ ಆ ವರ್ಷ ಜುಲೈ 20ಕ್ಕೆ ಇಳಿಯಿತು, ವೈಕಿಂಗ್ 2 ಸೆಪ್ಟೆಂಬರ್ 3ಕ್ಕೆ. ಎರಡರಲ್ಲೂ ಮೂರು ಜೀವ ಪರೀಕ್ಷೆಗಳಿದ್ದವು. ಅದರಲ್ಲಿ ಗಿಲ್ಬರ್ಟ್ ಲೆವಿನ್ ಅವರದು ಹೀಗೆ. ಮಂಗಳದ ಮಣ್ಣಿಗೆ ಒಂದು ಹನಿ ಪೋಷಕ ದ್ರಾವಣ. ಅದರಲ್ಲಿನ ಇಂಗಾಲ ವಿಕಿರಣ ಸೂಸುವ ಇಂಗಾಲ-14. ಯಾವುದಾದರೂ ಜೀವಿ ಅದನ್ನು ತಿಂದು ಗಾಳಿ ಬಿಟ್ಟರೆ, ಆ ಗಾಳಿಯಲ್ಲಿ ವಿಕಿರಣ ಸಿಗಬೇಕು. ಸಿಕ್ಕಿತು! ಪಕ್ಕದಲ್ಲಿ ಅದೇ ಮಣ್ಣನ್ನು 160 ಡಿಗ್ರಿಗೆ ಕಾಯಿಸಿ ಪರೀಕ್ಷಿಸಿದರು. ಅಲ್ಲಿ ಪ್ರತಿಕ್ರಿಯೆ ಬರಲಿಲ್ಲ. ಮೊದಲೇ ಬರೆದಿಟ್ಟ ನಿಯಮದ ಪ್ರಕಾರ ಇದು ಜೀವಕ್ಕೆ 'ಹೌದು'.

ಆದರೂ ಹೆಚ್ಚಿನ ವಿಜ್ಞಾನಿಗಳು ಹೌದು ಅನ್ನಲಿಲ್ಲ. ಎರಡನೇ ಸಲ ಹನಿ ಹಾಕಿದಾಗ ಗಾಳಿ ಹೆಚ್ಚಾಗಲಿಲ್ಲ, ಇದ್ದದ್ದೂ ಸ್ವಲ್ಪ ಇಳಿಯಿತು. ಹೊಟ್ಟೆ ಹಸಿದ ಜೀವಿ ಎರಡನೇ ತುತ್ತು ಬೇಡ ಅನ್ನುತ್ತದಾ? ಅದಕ್ಕಿಂತ ದೊಡ್ಡ ಹೊಡೆತ ಇನ್ನೊಂದು ಉಪಕರಣದಿಂದ ಬಂತು. ಮಣ್ಣಿನಲ್ಲಿ ಮಂಗಳದ್ದೇ ಅನ್ನಬಹುದಾದ ಸಾವಯವ ವಸ್ತು ಅದಕ್ಕೆ ಸಿಗಲಿಲ್ಲ. ದೇಹವೇ ಇಲ್ಲದೆ ಊಟ ಮಾಡಿದವರು ಯಾರು?

ಮೂವತ್ತೆರಡು ವರ್ಷ ಆದ ಮೇಲೆ, 2008ರಲ್ಲಿ, ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಲವಣ ಕಂಡುಹಿಡಿಯಿತು. ಅದು ಇರುವ ಮಣ್ಣನ್ನು ಕಾಯಿಸಿದರೆ ಸಾವಯವ ವಸ್ತು ಸುಟ್ಟುಹೋಗುತ್ತದೆ. ವೈಕಿಂಗ್ ಮಣ್ಣನ್ನು ಕಾಯಿಸಿಯೇ ಹುಡುಕಿತ್ತು! ಹಾಗಾಗಿ 'ದೇಹ ಇಲ್ಲ' ಅನ್ನುವ ವಾದ ಸಡಿಲವಾಯಿತು. ಅದರ ಜೊತೆಗೇ, ಇಂಥ ಲವಣಗಳಿಂದ ಹುಟ್ಟುವ ವಸ್ತುಗಳೇ ಪೋಷಕ ದ್ರಾವಣವನ್ನು ಒಡೆದಿರಬಹುದು ಅನ್ನುವ ವಾದಕ್ಕೂ ಬಲ ಬಂತು. ಲೆವಿನ್ 2021ರಲ್ಲಿ ತೀರಿಕೊಳ್ಳುವವರೆಗೂ ತಾವು ಕಂಡದ್ದು ಜೀವ ಅಂತಲೇ ಹೇಳುತ್ತಿದ್ದರು. ಹೆಚ್ಚಿನವರು ಒಪ್ಪಿಲ್ಲ, ನಾನೂ ಒಪ್ಪಲ್ಲ. ಆದರೆ ಕಾಯಿಸಿದ ಮಣ್ಣು ಸುಮ್ಮನಾಯಿತು ಅನ್ನುವುದನ್ನು ಇವತ್ತಿಗೂ ತಮಾಷೆ ಮಾಡುವಂತಿಲ್ಲ.

ಹೊಸಬ

ಈಗ ಮಾಡಿದರೆ ಏನು ಬೇರೆ ಮಾಡುತ್ತಾರೆ?

ಅಲೆಯುವ ಕಣ

ಚಲನೆಯನ್ನೂ ಸೇರಿಸುವ ಆಲೋಚನೆ ಇದೆ. 2025ರಲ್ಲಿ ಬರ್ಲಿನ್‌ನ ಒಂದು ತಂಡ ಸರಳ ವಿಧಾನ ತೋರಿಸಿತು. ಎರಡು ಭಾಗದ ಸಣ್ಣ ಕೋಣೆ, ನಡುವೆ ತೆಳು ಪೊರೆ. ಒಂದು ಕಡೆ ಸೂಕ್ಷ್ಮಜೀವಿ, ಇನ್ನೊಂದು ಕಡೆ ಎಲ್-ಸೀರಿನ್ ಅನ್ನುವ ಅಮೈನೋ ಆಮ್ಲ. ಬದುಕಿದ್ದವು ಸೀರಿನ್ ಕಡೆಗೆ ಈಜಿ ಬರುತ್ತವೆ. ಬ್ರೌನ್‌ನ ಕಣಗಳು ಎಷ್ಟು ಕುಣಿದರೂ ಊಟದ ಕಡೆಗೆ ಹೋಗಲ್ಲ. ತಂಡ ಮೂರು ಸೂಕ್ಷ್ಮಜೀವಿಗಳ ಮೇಲೆ ನೋಡಿತು, ಅದರಲ್ಲಿ ಒಂದು ಉಪ್ಪಿನಲ್ಲಿ ಬದುಕುವ ಆರ್ಕಿಯಾ (ಬ್ಯಾಕ್ಟೀರಿಯಾ ಅಲ್ಲದ ಬೇರೆ ಗುಂಪಿನ ಸೂಕ್ಷ್ಮಜೀವಿ). ಮೂರೂ ಹೋದವು.

ಮಂಗಳದ ಮಣ್ಣು

ಆದರೆ ನಿಧಾನಕ್ಕೆ ಬದುಕುವವು ಈ ಪರೀಕ್ಷೆಯಲ್ಲಿ ಫೇಲ್ ಆಗುತ್ತವೆ, ನೆನಪಿರಲಿ. ದಕ್ಷಿಣ ಪೆಸಿಫಿಕ್‌ನ ಆಳದ ಕೆಸರಿನಿಂದ ತೆಗೆದ ಸೂಕ್ಷ್ಮಜೀವಿಗಳ ಕೆಲಸ 2020ರಲ್ಲಿ ಬಂತಲ್ಲ, ಆ ಕೆಸರಿನ ವಯಸ್ಸು 10 ಕೋಟಿ ವರ್ಷಕ್ಕೂ ಜಾಸ್ತಿ. ಭಾರವಾದ ಇಂಗಾಲ, ಸಾರಜನಕ ಇರುವ ಆಹಾರ ಕೊಟ್ಟು ಕಾದರು. ಆಮೇಲೆ ಒಂದೊಂದೇ ಕೋಶವನ್ನು ಅಳೆದು, ಆ ಭಾರದ ಪರಮಾಣು ಕೋಶದ ಮೈಗೆ ಸೇರಿದೆಯಾ ನೋಡಿದರು. ಬಹುಪಾಲು ಕೋಶಗಳು ತಿಂದಿದ್ದವು. ಕೊಡುವ ಮುಂಚೆ ಯಾವ ಮೀಟರ್ ಹಿಡಿದಿದ್ದರೂ ಅವು ಹೆಚ್ಚುಕಮ್ಮಿ ಸತ್ತ ಹಾಗೇ ಕಾಣುತ್ತಿದ್ದವು.

ಸ್ವಾಬ್ ಸರದಾರ

ಬೀಜಕ ಅಂತ ಹೇಳಿ ಅರ್ಧಕ್ಕೆ ಬಿಟ್ಟಿದ್ದೆ. ಆಟೋಕ್ಲೇವ್ ಸರಿಯಾಗಿ ಕೆಲಸ ಮಾಡಿತಾ ಅಂತ ನೋಡಲು ನಾವು ಜಿಯೋಬ್ಯಾಸಿಲಸ್ ಸ್ಟಿಯರೊಥರ್ಮೋಫಿಲಸ್ ಬೀಜಕದ ಪಟ್ಟಿ ಇಡುತ್ತೇವೆ. 121 ಡಿಗ್ರಿ ಮುಗಿದ ಮೇಲೆ ಅದನ್ನು ಆಹಾರದಲ್ಲಿ ಹಾಕಿ ಬಿಸಿ ಇನ್‌ಕ್ಯುಬೇಟರ್‌ನಲ್ಲಿ ಇಟ್ಟು ಕಾಯುತ್ತೇವೆ. ಬಣ್ಣ ಬದಲಾದರೆ ಬದುಕಿದೆ. ಅಲ್ಲಿ ನಾನು ಪ್ಲೇಟೇ ಪ್ರಮಾಣ ಅವರ ಪಕ್ಷ. ಬೀಜಕಕ್ಕೆ ಎಬ್ಬಿಸಿ ನೋಡುವುದು ಬಿಟ್ಟು ಬೇರೆ ನಂಬಿಕಸ್ಥ ದಾರಿ ನನಗಂತೂ ಕಾಣಲ್ಲ.

ಹಸಿರೋ ಕೆಂಪೋ

ಎಲ್ಲರಿಗೂ ಧನ್ಯವಾದ. ಒಂದು ಪ್ರಶ್ನೆ ಕೇಳಿ ಮಂಗಳ ಗ್ರಹದವರೆಗೆ ಹೋಗಿ ಬಂದೆ. ಈಗ ಮುಂದಿನ ಕೆಲಸ ಹೀಗೆ ಅಂದುಕೊಂಡಿದ್ದೇನೆ: ಪೈರುವೇಟ್ ಹಾಕಿದ ಮತ್ತು ಹಾಕದ ಪ್ಲೇಟ್, ಆರ್2ಎ, ತೆಳು ಮಾಡಿದ ಟ್ಯೂಬುಗಳು. ಬಣ್ಣದ ಕಡೆ ಇನ್ನೇನಾದರೂ ಮಾಡಬೇಕಾ? ಮತ್ತೆ ರಿಪೋರ್ಟ್‌ನಲ್ಲಿ 'ಬದುಕಿರುವ ಕೋಶ' ಅಂತ ಬರೆಯಲಾ ಬೇಡವಾ?

ಹಳೇ ಲ್ಯಾಬು

ಬರೆಯಬೇಡಿ. 'ಪೊರೆ ಹರಿಯದ ಕೋಶ ಇಷ್ಟು', 'ಕಾಲೊನಿ ಕಟ್ಟಿದ ಕೋಶ ಇಷ್ಟು' ಅಂತ ಅಳೆದದ್ದನ್ನೇ ಬರೆಯಿರಿ. ವೈವಾದಲ್ಲಿ ಯಾರೂ ನಿಮ್ಮನ್ನು ಅಲುಗಾಡಿಸಲಾರರು.

ಬಣ್ಣದ ಕಡೆ ಕೆಲಸ ಬಾಕಿ ಇದೆ. ಒಂದಿಷ್ಟು ತಾಜಾ ಕೋಶಗಳನ್ನು 70% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒಂದು ಗಂಟೆ ಇಟ್ಟು ಕೊಲ್ಲಿ. ಬದುಕಿದ್ದ ತಾಜಾ ಕೋಶಗಳ ಜೊತೆ ಅದನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ. ಅರ್ಧಕ್ಕರ್ಧ ಬೆರೆಸಿದ್ದು ಮೈಕ್ರೋಸ್ಕೋಪ್‌ನಲ್ಲಿ ಅರ್ಧಕ್ಕರ್ಧ ಕಾಣದಿದ್ದರೆ ನಿಮ್ಮ ಮುಕ್ಕಾಲು ಪಾಲು ಹಸಿರಿಗೂ ಬೆಲೆ ಇಲ್ಲ. ಬಣ್ಣ ಹಾಕುವ ಮೊದಲು ಕೋಶಗಳನ್ನು 0.85% ಉಪ್ಪುನೀರಿನಲ್ಲಿ ತೊಳೆಯಿರಿ. ಒಂದೇ ಜಾಗವನ್ನು ತುಂಬಾ ಹೊತ್ತು ಬೆಳಕಿನಲ್ಲಿ ನೋಡುತ್ತಾ ಕೂರಬೇಡಿ, ಹಸಿರು ಮಾಸುತ್ತದೆ.

ಕೆಂಪೂ ಮೋಸ ಮಾಡುತ್ತದೆ. ಜೋರಾಗಿ ಬೆಳೆಯುತ್ತಿರುವ ಕೋಶಗಳ ಪೊರೆಯ ವಿದ್ಯುತ್ ಒತ್ತಡ ಹೆಚ್ಚಿದ್ದಾಗ ಪ್ರೊಪಿಡಿಯಂ ಬದುಕಿರುವ ಕೋಶಕ್ಕೂ ನುಗ್ಗಬಹುದು ಅಂತ 2017ರಲ್ಲಿ ತೋರಿಸಿದ್ದಾರೆ. ನಿಮ್ಮವು ಉಪವಾಸದ ಕೋಶಗಳು, ಆ ತೊಂದರೆ ಕಡಿಮೆ. ಹೋಲಿಕೆಗೆ ಇಟ್ಟ ತಾಜಾ ಕೋಶಗಳ ಮೇಲೆ ಗಮನ ಇಡಿ.

ಇನ್ನೊಂದು ಹಳೇ ವಿಧಾನ ಹೇಳಿ ಮುಗಿಸುತ್ತೇನೆ. ಕೊಗುರೆ ಮತ್ತು ಜೊತೆಗಾರರು 1979ರಲ್ಲಿ ಮಾಡಿದ್ದು. ಸ್ಯಾಂಪಲ್‌ಗೆ ಸ್ವಲ್ಪ ಯೀಸ್ಟ್ ಎಕ್ಸ್‌ಟ್ರಾಕ್ಟ್ ಮತ್ತು ನಾಲಿಡಿಕ್ಸಿಕ್ ಆಸಿಡ್ ಹಾಕಿ ಕೆಲವು ಗಂಟೆ ಬಿಡಿ. ಈ ಔಷಧ ಡಿಎನ್‌ಎ ನಕಲು ಆಗುವುದನ್ನು ತಡೆಯುತ್ತದೆ. ಆಹಾರ ತಿನ್ನುವ ಕೋಶ ಎರಡಾಗಲಾರದೆ ಉದ್ದಕ್ಕೆ ಬೆಳೆಯುತ್ತದೆ. ಸತ್ತದ್ದು ಗಿಡ್ಡಗೇ ಇರುತ್ತದೆ. ಮೈಕ್ರೋಸ್ಕೋಪ್‌ನಲ್ಲಿ ಉದ್ದದವನ್ನು ಎಣಿಸಿದರೆ ಸಾಕು. ಪ್ಲೇಟ್‌ಗೂ ಬಣ್ಣಕ್ಕೂ ನಡುವಿನ ಅಂಕಿ ಸಿಗುತ್ತದೆ.

ಪ್ಲೇಟೇ ಪ್ರಮಾಣ

ಈ ವಿಧಾನಕ್ಕೆ ನನ್ನ ಓಟು. ಕೋಶಗಳು ಎರಡಾಗಲ್ಲವಾದ್ದರಿಂದ, ಉಳಿದ ನಾಲ್ಕೈದು ಕೋಶ ಮರಿ ಹಾಕಿ ಲೆಕ್ಕ ಕೆಡಿಸುವ ಭಯವೂ ಇಲ್ಲ. ಆದರೆ ನಿಮ್ಮ ತಳಿ ನಾಲಿಡಿಕ್ಸಿಕ್‌ಗೆ ಬಗ್ಗುತ್ತದಾ ಅಂತ ಮೊದಲು ನೋಡಿಕೊಳ್ಳಿ. ಲ್ಯಾಬ್ ತಳಿಗಳಲ್ಲಿ ಅದನ್ನು ತಡೆದುಕೊಳ್ಳುವವು ಬೇಕಾದಷ್ಟಿವೆ. ಹಾಗಿದ್ದರೆ ಅವು ಸುಮ್ನೆ ಎರಡಾಗುತ್ತಾ ಹೋಗುತ್ತವೆ, ಯಾವುದೂ ಉದ್ದ ಆಗಲ್ಲ.

ಹಸಿರೋ ಕೆಂಪೋ

ನಮ್ಮ ಲ್ಯಾಬಿನ ತಳಿಯ ಹೆಸರು ಡಿಎಚ್5-ಆಲ್ಫಾ. ಅದು ತಡೆದುಕೊಳ್ಳುತ್ತದಾ?

ಕಫದ ಸ್ಲೈಡು

ತಡೆದುಕೊಳ್ಳುತ್ತದೆ. ಅದರ ಗೈರೇಸ್ ಜೀನ್‌ನಲ್ಲಿ (ಈ ಔಷಧ ಹಿಡಿಯುವ ಎಂಜೈಮಿನ ಜೀನ್) ಬದಲಾವಣೆ ಇದೆ, ಜೀನೋಟೈಪ್ ಪಟ್ಟಿಯಲ್ಲಿ ಜಿವೈಆರ್‌ಎ96 ಅಂತ ಇರುತ್ತದೆ ನೋಡಿ. ಈ ವಿಧಾನಕ್ಕೆ ಬೇರೆ ತಳಿ ಬೇಕು. ಎಂಜಿ1655 ಇದ್ದರೆ ಕೇಳಿ ತಗೊಳ್ಳಿ.

ಹಸಿರೋ ಕೆಂಪೋ

ಪಕ್ಕದ ಲ್ಯಾಬಿನ ಫ್ರೀಜರ್‌ನಲ್ಲಿ ಅದು ಇದೆಯಂತೆ. ಹೊಸದಾಗಿ ನೀರಿಗೆ ಹಾಕಿ ಇಡುತ್ತೇನೆ. ಈ ಸಲ ಮೊದಲ ದಿನದಿಂದಲೇ ಬಣ್ಣ, ಪ್ಲೇಟ್, ಉದ್ದದ ಎಣಿಕೆ ಮೂರನ್ನೂ ಜೊತೆಗೇ ಮಾಡುತ್ತಾ ಹೋಗುತ್ತೇನೆ. ಅಂಕಿ ಬಂದ ಮೇಲೆ ಇಲ್ಲೇ ಹಾಕುತ್ತೇನೆ.